ಓಟಕ್ಕೆ ರಜೆ, ಕಾಲಿಗಿಲ್ಲ: ಬೆಂಗಳೂರಿನ ಬನಶಂಕರಿಯಿಂದ ಇಂದಿರಾನಗರಕ್ಕೆ ಓಡಾಡುವ ಒಬ್ಬ ಓಟಗಾರರ ಪ್ರಕರಣ

ಓಟ ನಿಲ್ಲಿಸಿ ಎರಡು ವಾರ ಕಳೆದರೂ ಅವರ ಎಡಗಾಲಿನ ನೋವು ನಿಂತಿರಲಿಲ್ಲ. ಡಾಕ್ಟರ್ ಹೇಳಿದಂತೆ ಐಸ್ ಇಟ್ಟಿದ್ದರು, ಷೂ ಬದಲಾಯಿಸಿದ್ದರು, ಮೈದಾನದ ಕಡೆ ತಲೆ ಹಾಕಿರಲಿಲ್ಲ. ಆದರೂ ಸಂಜೆ ಮನೆಗೆ ಬರೋ ಹೊತ್ತಿಗೆ ಪಾದ ಎತ್ತಿದರೆ ಚುಚ್ಚುತ್ತಿತ್ತು. ನಮ್ಮ ಓಟದ ಗುಂಪಿನಲ್ಲಿ ಹೊಸಬರ ತರಬೇತಿ ಪಟ್ಟಿ ನೋಡಿಕೊಳ್ಳುವುದು ನಾನು. ಹಾಗಾಗಿ ಅವರು ನನಗೆ ಫೋನ್ ಮಾಡಿದರು. "ಮೇಡಂ, ಓಡ್ತಾನೇ ಇಲ್ಲ. ಮತ್ತೆ ಇದು ಯಾಕೆ ವಾಸಿ ಆಗ್ತಿಲ್ಲ?"

ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಓಡದ ದಿನ ಊರಲ್ಲಿ ಹೇಗೆ ಓಡಾಡುತ್ತೇವೆ ಅನ್ನುವುದು ತರಬೇತಿಯ ಭಾಗ ಅಂತ ನಮ್ಮಲ್ಲಿ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಪ್ರಕರಣದಲ್ಲಿ ಎಲ್ಲವೂ ಅದರ ಮೇಲೇ ನಿಂತಿತ್ತು.

ಯಾರು, ಏನು

ವಯಸ್ಸು 43. ಮನೆ ಬನಶಂಕರಿ ಎರಡನೇ ಹಂತದಲ್ಲಿ. ಆಫೀಸು ಇಂದಿರಾನಗರದಲ್ಲಿ, ಕೂತು ಮಾಡುವ ಲೆಕ್ಕಪತ್ರದ ಕೆಲಸ. ಮೂರು ವರ್ಷದಿಂದ ಓಡುತ್ತಿದ್ದಾರೆ. 10 ಕಿಲೋಮೀಟರ್ ಓಟಗಳನ್ನು ಆರಾಮಾಗಿ ಮುಗಿಸಿದವರು. ಶ್ರೀರಂಗಪಟ್ಟಣದ ಹತ್ತಿರ ನಾಲೆಯ ಪಕ್ಕದ ಮಣ್ಣುದಾರಿಯಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಈ ಸಲ ಹಾಫ್ ಓಡಬೇಕು, ಅಂದರೆ 21.1 ಕಿಲೋಮೀಟರ್ ಮಾಡಬೇಕು ಅನ್ನುವುದು ಅವರ ಆಸೆ.

ವಾರದ ಪಟ್ಟಿ ಎಲ್ಲರದ್ದೂ ಇರುವ ಹಾಗೇ ಇತ್ತು. ಮಂಗಳವಾರ ನಿಧಾನದ ಓಟ, ಬುಧವಾರ ವೇಗದ್ದು, ಶುಕ್ರವಾರ ಮತ್ತೆ ನಿಧಾನ, ಶನಿವಾರ ಒಂದಿಷ್ಟು ವ್ಯಾಯಾಮ, ಭಾನುವಾರ ಉದ್ದದ ಓಟ. ಸೋಮವಾರ, ಗುರುವಾರ ವಿಶ್ರಾಂತಿ.

ನೋವು ಎಲ್ಲಿ ಅಂತ ಕೇಳಿದೆ. ಎಡಗಾಲು, ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಹೊರಬದಿಯಲ್ಲಿರುವ ಸ್ನಾಯು. ಅಲ್ಲಿಂದ ಅದರ ನರದಂಥ ದಪ್ಪ ಎಳೆ, ಅಂದರೆ ಟೆಂಡನ್, ಕೆಳಗಿಳಿದು ಪಾದದ ಗಂಟಿನ ಮುಂದೆ ಹಾಯುವ ಜಾಗ. ಒತ್ತಿದರೆ ಉದ್ದಕ್ಕೂ ನೋವು. ಇದು ಮುಖ್ಯ. ಎಲುಬಿನ ಮೇಲೆ ಒಂದೇ ಒಂದು ಚುಕ್ಕಿಯಲ್ಲಿ ಬೆರಳಿಟ್ಟರೆ ಕಿರುಚುವಂಥ ನೋವಿದ್ದರೆ ಎಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು. ಅಂಥದ್ದಕ್ಕೆ ಗುಂಪಿನವರ ಸಲಹೆ ಕೇಳುತ್ತಾ ಕೂರಬಾರದು, ನೇರ ಎಲುಬಿನ ಡಾಕ್ಟರ ಹತ್ತಿರ ಹೋಗಬೇಕು. ಇವರು ಹೋಗಿದ್ದರು. ಎಲುಬಿಗೆ ಏನೂ ಆಗಿಲ್ಲ, ಪಾದವನ್ನು ಮೇಲಕ್ಕೆತ್ತುವ ಸ್ನಾಯು ಮತ್ತು ಅದರ ಟೆಂಡನ್ ಉರಿದುಕೊಂಡಿದೆ, ಓಟ ನಿಲ್ಲಿಸಿ ಅಂತ ಡಾಕ್ಟರ್ ಹೇಳಿದ್ದರು.

ಅಷ್ಟಾದರೂ ಬಲಗಾಲಿಗೆ ಒಂದು ಚೂರೂ ನೋವಿಲ್ಲ. ಓಟ ಎರಡೂ ಕಾಲಿಂದ ಮಾಡುವಂಥದ್ದು. ಒಂದೇ ಕಾಲಿಗೆ ಪೆಟ್ಟಾಗಲು ನೂರು ಕಾರಣ ಇರಬಹುದು, ನಿಜ. ಆದರೆ ಓಟ ಬಿಟ್ಟ ಮೇಲೂ ಅದೇ ಕಾಲು ನೋಯುತ್ತಿದ್ದರೆ, ಆ ಕಾಲು ಬೇರೆ ಇನ್ನೇನೋ ಮಾಡುತ್ತಿದೆ ಅಂತಲೇ ಅರ್ಥ.

ಸೋಮವಾರದ ಚೀಟಿ

ಒಂದು ಸೋಮವಾರ ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲೆಲ್ಲಿ ಹೋದಿರಿ, ಹೇಗೆ ಹೋದಿರಿ, ಎಷ್ಟು ಹೊತ್ತು ನಿಂತಿರಿ ಅಂತ ಬರೆದುಕೊಂಡು ಬನ್ನಿ ಅಂದೆ. ಲೆಕ್ಕಪತ್ರದವರು, ಚೆನ್ನಾಗಿಯೇ ಬರೆದು ತಂದರು.

ಬೆಳಗ್ಗೆ ಮಗಳನ್ನು ಬೈಕಲ್ಲಿ ಶಾಲೆಗೆ ಬಿಟ್ಟು ವಾಪಸ್ ಮನೆಗೆ. ಆಮೇಲೆ ಜಯನಗರ, ಕೋರಮಂಗಲ, ದೊಮ್ಮಲೂರು ಹಾದು ಇಂದಿರಾನಗರಕ್ಕೆ. ಸುಮಾರು 12 ಕಿಲೋಮೀಟರ್. ಸೋಮವಾರ ಅಂದರೆ ಊರಿನ ಅರ್ಧ ಜನ ರಸ್ತೆಯಲ್ಲೇ ಇರುತ್ತಾರೆ, ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲ. ಆಫೀಸಲ್ಲಿ ಊಟಕ್ಕೆ ಕೆಳಗಿಳಿದು ಹತ್ತುವುದು, ಎಲ್ಲ ಮೆಟ್ಟಿಲ ಮೇಲೆ. "ರೆಸ್ಟ್ ದಿನ ಅಲ್ವಾ, ಸ್ವಲ್ಪನಾದ್ರೂ ಕಾಲಾಡಲಿ" ಅಂತ ಲಿಫ್ಟ್ ಬಿಟ್ಟಿದ್ದರಂತೆ. ಸಂಜೆ ಅದೇ ದಾರಿಯಲ್ಲಿ ವಾಪಸ್. ದಾರಿಯಲ್ಲಿ ಗಾಂಧಿ ಬಜಾರಿಗೆ ಹೋಗಿ ತರಕಾರಿ, ಹೂವು. ರಾತ್ರಿ ಮಗಳನ್ನು ಟ್ಯೂಷನ್ನಿಂದ ಕರೆತರುವುದು.

ಕೂಡಿಸಿದರೆ ಬೈಕಿನ ಮೇಲೆ 30 ಕಿಲೋಮೀಟರಿಗೂ ಜಾಸ್ತಿ. ಬೇರೆ ದಿನಗಳಿಗಿಂತ ಸೋಮವಾರವೇ ಹೆಚ್ಚು ಓಡಾಟ. ಕಾರಣ ಸರಳ. ಓಟ ಇಲ್ಲದ ದಿನ ಬೆಳಗ್ಗೆ ಟೈಮ್ ಸಿಗುತ್ತದೆ, ಮನೆಯವರೂ "ಇವತ್ತು ನಿಮಗೆ ಓಟ ಇಲ್ವಲ್ಲ" ಅಂತ ಬಾಕಿ ಕೆಲಸಗಳನ್ನೆಲ್ಲ ಆ ದಿನಕ್ಕೇ ಇಡುತ್ತಾರೆ. ಇದು ಇವರೊಬ್ಬರ ಮನೆಯ ಮಾತಲ್ಲ. ಗುಂಪಿನಲ್ಲಿ ಕೇಳಿದರೆ ಹೆಚ್ಚಿನವರ ಮನೆಯಲ್ಲೂ ಹೀಗೇ. ಹೆಂಗಸರ ವಿಷಯದಲ್ಲಂತೂ ಕೇಳಲೇಬೇಡಿ.

ಎಡಗಾಲಿನ ಷೂ

ಚೀಟಿ ಓದುತ್ತಾ ಕೂತಾಗ ಅವರ ಷೂ ಕಡೆ ಕಣ್ಣು ಹೋಯಿತು. ಹಳೆಯ ಓಟದ ಷೂ. ಮೆತ್ತಗಿರುತ್ತದೆ ಅಂತ ವಿಶ್ರಾಂತಿ ದಿನ ಅದನ್ನೇ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಬಲಗಾಲಿನದು ಸ್ವಚ್ಛವಾಗಿತ್ತು. ಎಡಗಾಲಿನದರ ಮೇಲೆ, ಹೆಬ್ಬೆರಳಿನ ಬುಡದಿಂದ ಲೇಸಿನ ಮೊದಲ ತೂತಿನವರೆಗೆ, ಕಪ್ಪಗೆ ಒಂದು ಪಟ್ಟಿ. ಬಲೆಯಂಥ ಬಟ್ಟೆ ಅಲ್ಲಿ ತೆಳ್ಳಗಾಗಿ, ಒಳಗಿನ ಪದರ ಕಾಣುತ್ತಿತ್ತು. ಪಾದದಿಂದ ಗೇರ್ ಎತ್ತುವಂಥ ಬೈಕ್ ಓಡಿಸುವವರ ಮನೆಯಲ್ಲಿ ಎಡಗಾಲಿನ ಷೂ ನೋಡಿ, ಎಷ್ಟೋ ಸಲ ಈ ಗುರುತು ಇರುತ್ತದೆ.

ಅವರ ಬೈಕಿನಲ್ಲಿ ಒಂದನೇ ಗೇರ್ ಕೆಳಗೆ, ಮಿಕ್ಕದ್ದೆಲ್ಲ ಮೇಲೆ. ಅಂದರೆ ಪ್ರತಿ ಸಲ ಎರಡು, ಮೂರು, ನಾಲ್ಕಕ್ಕೆ ಹೋಗಬೇಕಾದರೆ ಎಡಪಾದದ ಬೆನ್ನಿನಿಂದ ಲಿವರ್ ಎತ್ತಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಎಡಗಾಲು ನೆಲಕ್ಕೆ. ಹಸಿರು ಬಿದ್ದರೆ ಕಾಲು ಮೇಲಕ್ಕೆ, ಗೇರ್ ಎತ್ತು, ಮತ್ತೆ ಎತ್ತು. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಮುಂದೆ ಬಸ್ಸು, ಒತ್ತಿ ಒತ್ತಿ ಇಳಿಸು. ಕಾಲು ಮತ್ತೆ ನೆಲಕ್ಕೆ. ಖಾಲಿ ಹೆದ್ದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುವವರಿಗೆ ಇದೇನೂ ಅಲ್ಲ. ಕೋರಮಂಗಲದ ಟ್ರಾಫಿಕ್ಕಿನಲ್ಲಿ ಒಂದು ದಿನಕ್ಕೆ ಇದು ನೂರಾರು ಸಲ ಆಗುತ್ತದೆ.

ಪಾದವನ್ನು ಮೇಲಕ್ಕೆತ್ತುವುದು ಯಾವ ಸ್ನಾಯು? ಡಾಕ್ಟರ್ ಉರಿದುಕೊಂಡಿದೆ ಅಂದ ಅದೇ ಸ್ನಾಯು. ಲಿವರ್ ತಾಗುವುದು ಎಲ್ಲಿಗೆ? ಆ ಎಳೆ ಪಾದದ ಕಡೆಗೆ ಇಳಿಯುವ ಜಾಗದ ಆಸುಪಾಸಿಗೇ. ಓಟದ ಷೂನ ಮೇಲ್ಭಾಗ ಗಾಳಿಯಾಡಲಿ ಅಂತ ತೆಳ್ಳಗೆ ಮಾಡಿರುತ್ತಾರೆ, ಕಬ್ಬಿಣದ ಲಿವರ್‌ಗೆ ಅದು ಅಡ್ಡವೇ ಅಲ್ಲ. ವೇಗದ ಓಟ ಮತ್ತು ಇಳಿಜಾರಿನ ಓಟದಲ್ಲಿ ಮೊದಲು ಹೊಡೆತ ತಿಂದದ್ದು ಆ ಸ್ನಾಯು, ನಿಜ. ಆದರೆ ಅದಕ್ಕೆ ವಾಸಿಯಾಗಲು ಬಿಡದೆ ಇದ್ದದ್ದು ಬೈಕು.

ಬಲಗಾಲಿಗೆ ಬೈಕಿನಲ್ಲಿ ಇರುವುದು ಬ್ರೇಕ್ ಒತ್ತುವ ಕೆಲಸ ಮಾತ್ರ, ಎತ್ತುವ ಕೆಲಸ ಇಲ್ಲ. ಅದು ಸುಮ್ನೆ ಉಳಿದುಕೊಂಡದ್ದು ಅದಕ್ಕೇ ಅಂತ ನನಗೆ ಗಟ್ಟಿಯಾಗಿ ಅನಿಸಿತು. ಡಾಕ್ಟರನ್ನು ಮತ್ತೆ ಕೇಳಿದಾಗ ಅವರೂ ಒಪ್ಪಿದರು, ಗೇರ್ ಬೈಕ್ ಕೆಲವು ವಾರ ಬಿಡಿ ಅಂದರು.

ಬೈಕ್ ಬಿಟ್ಟರೆ ಹೋಗುವುದು ಹೇಗೆ

ಮೊದಲು ಯೋಚನೆಗೆ ಬಂದದ್ದು ವಿಶ್ರಾಂತಿ ದಿನವನ್ನೇ ಬದಲಾಯಿಸುವುದು. ಉದ್ದದ ಓಟ ಶನಿವಾರಕ್ಕೆ ಹಾಕಿ ಭಾನುವಾರ ಮನೆಯಲ್ಲೇ ಇದ್ದರೆ ಓಡಾಟದ ಪ್ರಶ್ನೆಯೇ ಬರುವುದಿಲ್ಲ ಅಲ್ವಾ? ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ನಮ್ಮ ಊರಲ್ಲಿ ಭಾನುವಾರ ಅಂದರೆ ಮದುವೆ, ಗೃಹಪ್ರವೇಶ, ನಾಮಕರಣ. ಛತ್ರದಲ್ಲಿ ಊಟದ ಪಂಕ್ತಿಗೆ ಕಾದು ನಿಲ್ಲುವುದು, ಪಾರ್ಕಿಂಗ್ ಸಿಗದೆ ದೂರದಿಂದ ನಡೆಯುವುದು, ಚಪ್ಪಲಿ ಬಿಟ್ಟು ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು. ಉದ್ದ ಓಡಿದ ಮರುದಿನ ಇದು ಆಫೀಸಿಗಿಂತ ಕಷ್ಟ. ಸೋಮವಾರವನ್ನೇ ಇಟ್ಟುಕೊಂಡೆವು. ಗುರುವಾರ ಮಾತ್ರ ಬದಲಾಯಿತು. ಅವರ ಆಫೀಸಿನಲ್ಲಿ ವಾರಕ್ಕೆ ಒಂದು ದಿನ ಮನೆಯಿಂದ ಕೆಲಸ ಮಾಡಲು ಅವಕಾಶವಿತ್ತು. ಅವರು ಅದನ್ನು ಶುಕ್ರವಾರ ಬಳಸುತ್ತಿದ್ದರು. ಗುರುವಾರಕ್ಕೆ ಹಾಕಿಸಿಕೊಂಡರು. ಒಂದು ವಿಶ್ರಾಂತಿ ದಿನ ಪೂರ್ತಿ ಗಿಟ್ಟಿತು. ಮನೆಯಿಂದ ಕೆಲಸ ಮಾಡುವ ಅವಕಾಶ ಇರುವ ಓಟಗಾರರಿಗೆ ನಾನು ಈಗ ಮೊದಲು ಹೇಳುವುದೇ ಇದನ್ನ.

ಉಳಿದದ್ದು ಸೋಮವಾರ. ಭಾನುವಾರ ಉದ್ದ ಓಡಿದ ಸ್ನಾಯು ಸೋಮವಾರ, ಮಂಗಳವಾರವೇ ಜಾಸ್ತಿ ನೋಯುವುದು. ಓಟವಾಗಿ ಒಂದು ದಿನದಿಂದ ಮೂರು ದಿನದೊಳಗೆ ಆ ನೋವು ಏರಿ ಇಳಿಯುತ್ತದೆ. ಹಾಗಾಗಿ ಸೋಮವಾರದ ದಾರಿಯನ್ನು ಎಡಗಾಲಿನ ಮುಂಭಾಗಕ್ಕೂ ತೊಡೆಗೂ ಸೇರಿಸಿ ನೋಡಬೇಕಿತ್ತು.

ಮೆಟ್ರೋ. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ನೇರಳೆ ಮಾರ್ಗದಲ್ಲಿ ಇಂದಿರಾನಗರ. ನಕ್ಷೆಯಲ್ಲಿ ನೋಡಿದರೆ ಸುತ್ತು. ಬಡಗಣಕ್ಕೆ ಹೋಗಿ ಮತ್ತೆ ಮೂಡಣಕ್ಕೆ ತಿರುಗಬೇಕು. ಮನೆ ಬಾಗಿಲಿಂದ ಆಫೀಸು ಬಾಗಿಲಿಗೆ ಹತ್ತಿರ ಹತ್ತಿರ ಒಂದು ಗಂಟೆ. ಬೈಕಿಗಿಂತ ಕಾಲು ಗಂಟೆ ಜಾಸ್ತಿ. ಆದರೆ ಆ ಹೊತ್ತಿನಲ್ಲಿ ಎಡಗಾಲಿಗೆ ಎತ್ತುವ ಕೆಲಸ ಇಲ್ಲ.

ಮೆಟ್ರೋದಲ್ಲಿ ಓಟಗಾರರು ನೋಡಬೇಕಾದ್ದು ರೈಲನ್ನಲ್ಲ, ಮೆಟ್ಟಿಲನ್ನ. ಎತ್ತರಿಸಿದ ನಿಲ್ದಾಣಗಳಲ್ಲಿ ಹತ್ತುವ ಕಡೆ ಎಸ್ಕಲೇಟರ್ ಸಿಗುತ್ತದೆ. ಇಳಿಯುವ ಕಡೆ ಎಷ್ಟೋ ಕಡೆ ಮೆಟ್ಟಿಲೇ ಗತಿ. ಹತ್ತುವುದಕ್ಕಿಂತ ಇಳಿಯುವುದೇ ನೊಂದ ತೊಡೆಗೆ ಹೆಚ್ಚು ಕಷ್ಟ. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯಬೇಕು. ಉದ್ದದ ಓಟದಲ್ಲಿ ಅದನ್ನು ನೋಯಿಸಿದ್ದೂ ಅದೇ ರೀತಿಯ ಕೆಲಸ. ಅದಕ್ಕೇ ಭಾನುವಾರ ಓಡಿದವರು ಸೋಮವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಾರೆ. ಇವರಿಗೆ ನಾನು ಹೇಳಿದ್ದು, ಹತ್ತಲು ಎಸ್ಕಲೇಟರ್, ಇಳಿಯಲು ಲಿಫ್ಟ್. ವಯಸ್ಸಾದವರು, ಗಾಲಿಕುರ್ಚಿಯವರು ಬಂದರೆ ಅವರಿಗೆ ಬಿಟ್ಟು ಮುಂದಿನ ಸಲಕ್ಕೆ ಕಾಯಿರಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲು ನಿಲ್ಲುವುದು ಕೆಳಗಿನ ಅಂತಸ್ತಿನಲ್ಲಿ, ನೇರಳೆಯದು ಅದರ ಮೇಲೆ. ಬೆಳಗ್ಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಒಂದು ರೈಲು ಬಿಟ್ಟರೆ ಪರವಾಗಿಲ್ಲ, ಓಡಬೇಡಿ ಅಂತ ಹೇಳಬೇಕಾಯಿತು. ಓಟಗಾರರಿಗೆ ಬಾಗಿಲು ಮುಚ್ಚುವ ಸದ್ದು ಕೇಳಿದರೆ ಕಾಲು ತಾನಾಗೇ ಓಡುತ್ತದೆ.

ನಿಂತೇ ಹೋಗಬೇಕಾದ ದಿನಗಳೂ ಇದ್ದವು. ಅಲುಗದೆ ನಿಂತರೆ ರಕ್ತ ಮೀನಖಂಡದಲ್ಲಿ ನಿಂತು ಕಾಲು ಭಾರವಾಗುತ್ತದೆ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ, ಹಿಮ್ಮಡಿ ಸ್ವಲ್ಪ ಎತ್ತಿ ಇಳಿಸುತ್ತಾ ಇದ್ದರೆ ಸಾಕು.

ದುಡ್ಡಿನ ಮಾತು ಬಂದೇ ಬರುತ್ತದೆ. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಅತಿ ಹೆಚ್ಚಿನ ಟಿಕೆಟ್ 90 ರೂಪಾಯಿ. ಇವರ ದೂರಕ್ಕೆ ಅಷ್ಟಾಗುವುದಿಲ್ಲ, ಆದರೂ ಪೆಟ್ರೋಲಿಗಿಂತ ದುಬಾರಿಯೇ. ಕಾಯಂ ಆಗಿ ದಿನಾ ಹೋಗಿ ಅಂದಿದ್ದರೆ ಅವರು ಒಪ್ಪುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಮೊದಲ ಕೆಲವು ವಾರ ಬಿಟ್ಟರೆ ವಾರಕ್ಕೆ ಒಂದು ದಿನ ಅಂದಾಗ ಫಿಸಿಯೋಥೆರಪಿಯ ಒಂದು ಭೇಟಿಯ ಖರ್ಚಿನೊಂದಿಗೆ ಅವರೇ ಹೋಲಿಸಿ ನೋಡಿ ಒಪ್ಪಿದರು.

ನಡಿಗೆ. ಮನೆಯಿಂದ ಬನಶಂಕರಿ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್. ನಡೆಯುವುದು ಎಲ್ಲರಿಗೂ ಒಳ್ಳೆಯದು ಅಂತ ಹೇಳಿಬಿಡುವುದು ಸುಲಭ. ಇವರ ನೋವಿಗೆ ಬಿರುನಡಿಗೆ ಒಳ್ಳೆಯದಲ್ಲ. ಬಿರುಸಾಗಿ ನಡೆದಾಗ ಪ್ರತಿ ಹೆಜ್ಜೆಗೂ ಪಾದದ ಮುಂಭಾಗವನ್ನು ಬೇಗ ಎತ್ತಿ ಹಿಡಿಯಬೇಕು. ಅದು ಅದೇ ಸ್ನಾಯುವಿನ ಕೆಲಸ. ನಿಧಾನ ಓಟಕ್ಕಿಂತಲೂ ಬಿರುನಡಿಗೆಯಲ್ಲಿ ಆ ಜಾಗ ಉರಿಯುವವರಿದ್ದಾರೆ. ಹಾಗಾಗಿ ಹತ್ತು ನಿಮಿಷ ಮೊದಲೇ ಹೊರಟು ಸಾವಕಾಶವಾಗಿ ನಡೆಯುವುದು ಅಂತ ಆಯಿತು. ಫುಟ್‌ಪಾತ್ ಇನ್ನೊಂದು ಸಮಸ್ಯೆ. ಪ್ರತಿ ಮನೆಯ ಗೇಟಿಗೂ ಒಂದು ಇಳಿಜಾರು, ಮಧ್ಯೆ ಅಲುಗಾಡುವ ಕಲ್ಲುಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್. ರೆಸಿಡೆನ್ಸಿ ರೋಡ್, ಸೇಂಟ್ ಮಾರ್ಕ್ಸ್ ರೋಡ್ ಕಡೆ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ಅಗಲ ಫುಟ್‌ಪಾತಿನ ಮೇಲೆ ನಡೆದವರಿಗೆ ವ್ಯತ್ಯಾಸ ಗೊತ್ತು. ಅಲ್ಲಿ ಕಾಲು ತನ್ನ ಪಾಡಿಗೆ ಹೋಗುತ್ತದೆ, ಇಲ್ಲಿ ಪ್ರತಿ ಹೆಜ್ಜೆ ನೋಡಿ ಇಡಬೇಕು. ಬಡಾವಣೆಯ ಒಳರಸ್ತೆಯ ಅಂಚಿನಲ್ಲೇ ನಡೆಯುವುದು ಇವರಿಗೆ ಸರಿಹೋಯಿತು.

ಸೈಕಲ್. ಓಟಗಾರರ ನಡುವೆ ವಿಶ್ರಾಂತಿ ದಿನ ಅಂದ ಕೂಡಲೇ ಸೈಕಲ್ ಮಾತು ಬರುತ್ತದೆ. ಕಾರಣವೂ ಇದೆ. ಓಡುವಾಗ ಪ್ರತಿ ಹೆಜ್ಜೆಗೆ ಮೈತೂಕದ ಎರಡು ಮೂರು ಪಟ್ಟು ಹೊಡೆತ ಬೀಳುತ್ತದೆ, ಸೈಕಲ್ಲಿನಲ್ಲಿ ಆ ಹೊಡೆತ ಇಲ್ಲ. ಮೈ ಬಿಸಿಯಾಗುತ್ತದೆ, ರಕ್ತ ಹರಿಯುತ್ತದೆ. ಆದರೆ ಬನಶಂಕರಿಯಿಂದ ಇಂದಿರಾನಗರದವರೆಗೆ ಏರಿಳಿತ, ಸಿಗ್ನಲ್, ಬಸ್ಸಿನ ಹಿಂದೆ ಹೊಗೆ, ಟೈಮಿಗೆ ತಲುಪಬೇಕೆಂಬ ಗಡಿಬಿಡಿ. ಇದಕ್ಕೆ ವಿಶ್ರಾಂತಿ ಅನ್ನಲಿಕ್ಕಾಗದು, ಇನ್ನೊಂದು ತರಬೇತಿ ಅಷ್ಟೇ. ಸೈಕಲ್ ತುಳಿಯುತ್ತಾ ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆದರೆ ಮಾತ್ರ ಅದು ವಿಶ್ರಾಂತಿಯ ಲೆಕ್ಕ. ಮೇಲ್ಸೇತುವೆ ಹತ್ತುವಾಗ ಯಾರಿಗೂ ಅದು ಆಗುವುದಿಲ್ಲ.

ಮಡಿಸುವ ಸೈಕಲ್ ಮೆಟ್ರೋದಲ್ಲಿ ಒಯ್ಯಬಹುದು ಅಂತ ಯಾರೋ ಅವರಿಗೆ ಹೇಳಿದ್ದರು. ಹೌದು, ನಮ್ಮ ಮೆಟ್ರೋ 2021ರಿಂದ ಅದಕ್ಕೆ ಅನುಮತಿ ಕೊಟ್ಟಿದೆ, 15 ಕಿಲೋ ಮೀರಬಾರದು ಅಂತ ಮಿತಿ ಇಟ್ಟು. ಆದರೆ ಮೆಜೆಸ್ಟಿಕ್‌ನ ಬೆಳಗಿನ ನೂಕಾಟದಲ್ಲಿ ಅಷ್ಟು ಭಾರ ಒಂದೇ ಕೈಯಲ್ಲಿ ಎತ್ತಿಕೊಂಡು ಹೋದರೆ ಸೊಂಟಕ್ಕೆ ಹೊಸ ನೋವು. ಬೇಡ ಅಂದೆವು.

ಸೈಕಲ್ ಚೆನ್ನಾಗಿ ಕೆಲಸ ಮಾಡಿದ್ದು ಸಂಜೆಯ ಸಣ್ಣ ಕೆಲಸಗಳಿಗೆ. ಟ್ಯೂಷನ್, ಹಾಲು, ಔಷಧಿ ಅಂಗಡಿ, ಎಲ್ಲ ಎರಡು ಕಿಲೋಮೀಟರ್ ಒಳಗೆ, ಮರದ ನೆರಳಿನ ಅಡ್ಡರಸ್ತೆಗಳಲ್ಲಿ. ಮಗಳ ಸೈಕಲ್ಲನ್ನೇ ಬಳಸಿದರು, ಸೀಟು ಎತ್ತರಿಸಿಕೊಂಡು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಅತಿ ಕೆಳಗೆ ಬಂದಾಗ ಕಾಲು ನೇರವಾದರೆ ಸೀಟಿನ ಎತ್ತರ ಸರಿ. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ಸಹಜವಾಗಿ ಸ್ವಲ್ಪ ಬಗ್ಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಕಾಲು ನೆಲಕ್ಕೆ ತಾಗಲಿ ಅಂತ ಸೀಟು ತೀರಾ ಕೆಳಗಿಟ್ಟುಕೊಂಡು ಮೊಣಕಾಲು ಕೆಡಿಸಿಕೊಳ್ಳುತ್ತಾರೆ.

ಬಸ್ಸು. ಇವರು ಬಸ್ಸನ್ನು ಕಡಿಮೆ ಬಳಸಿದರು, ನೇರ ಬಸ್ಸಿಗೆ ಕಾಯುವುದು ಜಾಸ್ತಿ ಅಂತ. ಆದರೂ ಒಂದು ಮಾತು ಹೇಳಬೇಕು. ಹಳೆಯ ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ಮ್ಯಾರಥಾನ್ ಓಡಿದ ಮರುದಿನ ಅದನ್ನು ಇಳಿಯುವುದು ಒಂದು ಸಾಹಸ. ವಜ್ರ ಅನ್ನುವ ಎ.ಸಿ. ಬಸ್ಸಿನ ನೆಲ ತಗ್ಗಿನಲ್ಲಿರುತ್ತದೆ, ನೇರ ಹೆಜ್ಜೆ ಇಟ್ಟರೆ ಒಳಗೆ. ಸೀಟು ಸಿಗುವ ಹೊತ್ತಾದರೆ ಓಟಗಾರರಿಗೆ ಅದರಷ್ಟು ಸುಖ ಇನ್ನೊಂದಿಲ್ಲ.

ಸ್ಕೂಟರ್. ಇದೇ ಇವರಿಗೆ ದೊಡ್ಡ ಉಪಕಾರ ಮಾಡಿದ್ದು. ಮನೆಯಲ್ಲಿ ಹೆಂಡತಿಯ ಗೇರ್ ಇಲ್ಲದ ಸ್ಕೂಟರ್ ಇತ್ತು. ಎರಡೂ ಪಾದ ಚಪ್ಪಟೆ ಹಲಗೆಯ ಮೇಲೆ, ಎತ್ತುವಂಥದ್ದು ಏನೂ ಇಲ್ಲ. ಬೆಳಗ್ಗೆ ಮಗಳನ್ನು ಶಾಲೆಗೆ ಬಿಡುವ ಕೆಲಸ ಅದರ ಮೇಲಾಯಿತು. ಹೆಂಡತಿಗೆ ಕೆಲಸ ಬಸವನಗುಡಿಯ ಒಂದು ಶಾಲೆಯಲ್ಲಿ. ಅವರು ಸೋಮವಾರ ಬಸ್ಸಿನಲ್ಲಿ ಹೋಗತೊಡಗಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಖರ್ಚೂ ಬೀಳಲಿಲ್ಲ. "ಅವರ ಕಾಲು ಸರಿಹೋದ್ರೆ ನನಗೂ ನೆಮ್ಮದಿ, ಆದ್ರೆ ಮಳೆ ದಿನ ಸ್ಕೂಟರ್ ನನಗೇ" ಅಂತ ಅವರು ಮೊದಲೇ ಹೇಳಿಬಿಟ್ಟರು. ನ್ಯಾಯವೇ. ಒಬ್ಬರ ವಿಶ್ರಾಂತಿಗೆ ಮನೆಯ ಇನ್ನೊಬ್ಬರು ದಣಿಯುವಂತಾಗಬಾರದು. ಮಳೆಯ ಸೋಮವಾರ ಆಟೋ ಅಂತ ತೀರ್ಮಾನವಾಯಿತು. 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಶಾಲೆಯವರೆಗೆ ಅದು ದೊಡ್ಡ ಮೊತ್ತವಲ್ಲ, ಮೀಟರ್ ಹಾಕಿದರೆ.

ಗಾಂಧಿ ಬಜಾರ್ ಖರೀದಿಯನ್ನು ಸೋಮವಾರದಿಂದ ಎತ್ತಿ ಶನಿವಾರಕ್ಕೆ ಹಾಕಿದರು. ಇಷ್ಟು ಚಿಕ್ಕ ವಿಷಯಕ್ಕೆ ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತಂತೆ.

ಏನಾಯಿತು

ಎಲ್ಲ ದಿನವೂ ಗೇರ್ ಬೈಕ್ ಬಿಟ್ಟದ್ದು ಮೊದಲ ಮೂರು ವಾರ. ಆ ದಿನಗಳಲ್ಲಿ ಸ್ಕೂಟರ್ ಸಿಕ್ಕಾಗ ಸ್ಕೂಟರ್, ಇಲ್ಲದಾಗ ಮೆಟ್ರೋ. ಮೂರನೇ ವಾರದ ಹೊತ್ತಿಗೆ ನಡೆಯುವಾಗ ನೋವು ಹೋಗಿತ್ತು. ಜೊತೆಗೆ ಡಾಕ್ಟರ್ ಹೇಳಿದ ವ್ಯಾಯಾಮವನ್ನೂ ಮಾಡುತ್ತಿದ್ದರು. ಗೋಡೆಗೆ ಬೆನ್ನು ಕೊಟ್ಟು ನಿಂತು ಹಿಮ್ಮಡಿಯ ಮೇಲೆ ಪಾದ ಎತ್ತಿ ಇಳಿಸುವುದು, ಮೀನಖಂಡ ಎಳೆದು ಸಡಿಲಿಸುವುದು. ಹಾಗಾಗಿ ವಾಸಿಯಾದದ್ದು ಬರೀ ಬೈಕ್ ಬಿಟ್ಟದ್ದರಿಂದ ಅಂತ ನಾನು ಹೇಳುವುದಿಲ್ಲ. ಆದರೆ ಆ ವ್ಯಾಯಾಮವನ್ನು ಅವರು ಮೊದಲಿನ ಎರಡು ವಾರವೂ ಮಾಡಿದ್ದರು, ಬೈಕ್ ಓಡಿಸುತ್ತಾ. ಆಗ ಏನೂ ಗುಣ ಕಂಡಿರಲಿಲ್ಲ.

ಐದನೇ ವಾರದಿಂದ ಒಂದಿಷ್ಟು ಓಟ, ಒಂದಿಷ್ಟು ನಡಿಗೆ ಅಂತ ಶುರು ಮಾಡಿದರು. ಹಾಫ್‌ಗೆ ಟೈಮ್ ಸಾಲಲಿಲ್ಲ. ನಾನು ಬೇಡ ಅಂದೆ, ಅವರಿಗೆ ಬೇಜಾರಾಯಿತು, ಆದರೂ ಕೇಳಿದರು. ಶ್ರೀರಂಗಪಟ್ಟಣದಲ್ಲಿ 10 ಕಿಲೋಮೀಟರ್ ಓಡಿ ನೋವಿಲ್ಲದೆ ಬಂದರು. ಮಣ್ಣಿನ ದಾರಿ, ಹೆಚ್ಚು ಏರಿಳಿತ ಇಲ್ಲದ್ದು, ಅದೂ ಅನುಕೂಲವಾಯಿತು.

ಈಗ ಬೈಕ್ ಮತ್ತೆ ಬಂದಿದೆ, ಮಂಗಳವಾರದಿಂದ ಶುಕ್ರವಾರದವರೆಗೆ ಆಫೀಸಿರುವ ದಿನ. ಗಟ್ಟಿ ಚರ್ಮದ ಷೂ ಹಾಕಿಕೊಂಡು, ಓಟದ್ದಲ್ಲ. ಸೋಮವಾರ ಮಾತ್ರ ಮೆಟ್ರೋ ತಪ್ಪಿಸುವುದಿಲ್ಲ.

ನೋವು ಬೇರೆಯಾದರೆ ದಾರಿಯೂ ಬೇರೆ

ಇದನ್ನು ಓದಿ ಎಲ್ಲರೂ ಮೆಟ್ರೋ ಹತ್ತಿ, ಬೈಕ್ ಬಿಡಿ ಅಂತ ನಾನು ಹೇಳಿದ ಹಾಗಾಗಬಾರದು. ಗುಂಪಿನಲ್ಲೇ ಇನ್ನೊಬ್ಬರಿಗೆ ತೊಡೆಯ ಹಿಂಭಾಗದ ಸ್ನಾಯು ಕುಂಡಿಯ ಎಲುಬಿಗೆ ಅಂಟುವ ಜಾಗದಲ್ಲಿ ನೋವು. ಅವರಿಗೆ ಕೂರುವುದೇ ಶತ್ರು. ಕಾರಿನಲ್ಲಿ ಒಂದು ಗಂಟೆ ಕೂತು ಎದ್ದರೆ ಓಡಿದ್ದಕ್ಕಿಂತ ಜಾಸ್ತಿ ನೋಯುತ್ತದೆ. ಅವರು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು. 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ, ಅದೇ ಅವರಿಗೆ ಔಷಧಿ.

ಅಂಗಾಲು ನೋವಿನವರಿಗೆ ಇದರ ಉಲ್ಟಾ. ಗಟ್ಟಿ ನೆಲದ ಮೇಲೆ ನಿಲ್ಲುವುದು ಆಗದು, ಕೂತ ಜಾಗದಿಂದ ಎದ್ದ ಮೊದಲ ನಾಲ್ಕು ಹೆಜ್ಜೆ ಸೂಜಿ ಚುಚ್ಚಿದಂತೆ. ಅವರು ಇಳಿಯುವ ನಿಲ್ದಾಣ ಬರುವ ಮೊದಲೇ ಕೂತಲ್ಲೇ ಕಾಲ್ಬೆರಳನ್ನು ಹಿಂದಕ್ಕೆ ಎಳೆದು ಅಂಗಾಲು ಸಡಿಲಿಸಿಕೊಂಡು ಏಳಬೇಕು. ಮೊಣಕಾಲ ಚಿಪ್ಪಿನ ಹಿಂದೆ ನೋವಿದ್ದವರಿಗೆ ಮೆಟ್ಟಿಲೂ ಬೇಡ, ಸೀಟು ತಗ್ಗಿಸಿದ ಸೈಕಲ್ಲೂ ಬೇಡ. ಹಿಮ್ಮಡಿಯ ಮೇಲಿನ ಎಳೆ ನೊಂದವರು ಸೈಕಲ್ ತುಳಿಯುವಾಗ ಬೆರಳ ತುದಿಯಿಂದಲ್ಲ, ಪಾದದ ಮಧ್ಯದಿಂದ ತುಳಿದರೆ ಎಳೆತ ಕಡಿಮೆ. ನಿಲ್ದಾಣದಿಂದ ಆಫೀಸಿಗೆ ಕೊನೆಯ ಎರಡು ಕಿಲೋಮೀಟರಿಗೆ ಯುಲುವಿನಂಥ ಬಾಡಿಗೆಯ ಎಲೆಕ್ಟ್ರಿಕ್ ಗಾಡಿ ಸಿಕ್ಕರೆ ಇವರಿಗೆಲ್ಲ ಒಳ್ಳೆಯದು. ಪೆಡಲ್ ಇಲ್ಲ, ಗೇರ್ ಇಲ್ಲ.

ನಾನು ಕೇಳುವ ಪ್ರಶ್ನೆಗಳು ಈಗ ಇಷ್ಟೇ. ಎಲ್ಲಿ ನೋವು? ಆ ಜಾಗದ ಕೆಲಸ ಏನು? ನೀವು ಹತ್ತುವ ಗಾಡಿ ಆ ಕೆಲಸವನ್ನೇ ಕೇಳುತ್ತಿದೆಯಾ? ನೋವೇ ಇಲ್ಲದವರಿಗೆ ಇಷ್ಟೆಲ್ಲ ಬೇಕಿಲ್ಲ. ಅವರು ಓಡದ ದಿನ ಸುತ್ತಾಟ ಕಡಿಮೆ ಮಾಡಿ, ಮೆಟ್ಟಿಲು ಇಳಿಯುವುದನ್ನು ತಪ್ಪಿಸಿ, ರಾತ್ರಿ ಬೇಗ ಮಲಗಿದರೆ ಸಾಕು.

ಒಂದು ಕಡೆ ಮಾತ್ರ ನಮಗೆ ಇನ್ನೂ ದಾರಿ ಸಿಕ್ಕಿಲ್ಲ. ಭಾನುವಾರ ಉದ್ದದ ಓಟ ಶುರುವಾಗುವುದು ಬೆಳಗ್ಗೆ ಐದೂವರೆಗೆ. ಮೆಟ್ರೋ ಭಾನುವಾರ ಹೊರಡುವುದು ಏಳಕ್ಕೆ. ದೊಡ್ಡ ಓಟಗಳಿದ್ದ ದಿನ ಬೇಗ ರೈಲು ಬಿಟ್ಟದ್ದೂ ಇದೆ, ಆದರೆ ಅದು ಆ ದಿನಕ್ಕಷ್ಟೇ. ಹಾಗಾಗಿ ಮಿಕ್ಕ ಭಾನುವಾರ ಎಲ್ಲರೂ ಬೈಕೋ ಕಾರೋ ತೆಗೆಯುತ್ತಾರೆ. 18 ಕಿಲೋಮೀಟರ್ ಓಡಿ ಮುಗಿಸಿ, ನಡುಗುವ ಎಡಗಾಲಿನಿಂದ ಗೇರ್ ಎತ್ತುತ್ತಾ ಮನೆಗೆ ಬರುತ್ತಾರೆ. ಸದ್ಯಕ್ಕೆ ಬನಶಂಕರಿ, ಜಯನಗರ ಕಡೆಯ ನಾಲ್ವರು ಒಂದೇ ಕಾರಿನಲ್ಲಿ ಹೋಗುತ್ತಿದ್ದಾರೆ, ಅವತ್ತು ಕಡಿಮೆ ದೂರ ಓಡಿದವರು ಕಾರು ಓಡಿಸುವುದು ಅಂತ ಒಪ್ಪಂದ. ನಮ್ಮ ಪ್ರಕರಣದವರು ವಾಪಸ್ ಬರುವಾಗ ಕಾರಿಗೂ ಕಾಯುವುದಿಲ್ಲ. ಅಷ್ಟು ಹೊತ್ತಿಗೆ ಮೆಟ್ರೋ ಶುರುವಾಗಿರುತ್ತದೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕೂತು ಬರುತ್ತಾರೆ.